ಸಿಮ್ಯುಲೇಟರಿನಲ್ಲಿ ಓಡಿದ ಪಂಪು ತೋಟದಲ್ಲಿ ಯಾಕೆ ನಿಂತಿತು?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು, ಡಿಪ್ಲೊಮಾ ಕೊನೆಯ ವರ್ಷ. ನಮ್ಮ ಅಡಿಕೆ ತೋಟದ ಕೆಳಗೆ ಹಳ್ಳದ ಪಕ್ಕ ಥ್ರೀ ಫೇಸ್ ಪಂಪ್‌ಸೆಟ್ ಇದೆ, ಮೇಲೆ ಬೆಟ್ಟದಲ್ಲಿ ಟ್ಯಾಂಕು. ಟ್ಯಾಂಕಿನ ನೀರಿನ ಮಟ್ಟ ಹೇಳುವ ಫ್ಲೋಟ್ ಸ್ವಿಚ್ ನೋಡಿಕೊಂಡು ಪಂಪು ತಾನೇ ಶುರುವಾಗಿ ತಾನೇ ನಿಲ್ಲುವ ಹಾಗೆ ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಕಂಟ್ರೋಲರ್ ಮಾಡಿದ್ದೇನೆ. ಪೈಪಿನಲ್ಲಿ ನೀರು ಬಾರದಿದ್ದರೆ 60 ಸೆಕೆಂಡಿಗೆ ಪಂಪು ನಿಲ್ಲಬೇಕು, ಅದೂ ಬರೆದಿದ್ದೇನೆ. ಬೋರ್ಡು ಇಲ್ಲದೆ ಪರದೆ ಮೇಲೆ ಪ್ರೋಗ್ರಾಮು ಓಡಿಸಿ ತೋರಿಸುವ ವೊಕ್ವಿ ಎಂಬ ಆನ್‌ಲೈನ್ ಸಿಮ್ಯುಲೇಟರಿನಲ್ಲಿ ಎಲ್ಲ ಸರಿಯಾಗಿ ಓಡಿತು. ತೋಟದಲ್ಲಿ ಕೂರಿಸಿದರೆ ಸ್ಟಾರ್ಟರ್ ಎಳೆದುಕೊಂಡ ಕೂಡಲೇ ಬೋರ್ಡು ಹ್ಯಾಂಗ್ ಆಗುತ್ತದೆ. "ಕಂಪ್ಯೂಟರಿನೊಳಗೆ ನೀರು ಬಂದರೆ ತೋಟಕ್ಕೆ ಬಂತಾ?" ಅಂತ ಅಪ್ಪ ನಗುತ್ತಾರೆ. ಸಿಮ್ಯುಲೇಟರನ್ನು ನಂಬಬಹುದಾ? ಮಳೆಗಾಲದಲ್ಲಿ ನಮ್ಮಲ್ಲಿ ನೆಟ್ ಇರುವುದಿಲ್ಲ, ಲ್ಯಾಪ್‌ಟಾಪ್ ಹಳೆಯದು. ಯಾವ ಸಾಫ್ಟ್‌ವೇರ್ ಒಳ್ಳೆಯದು? ಪ್ರೋಗ್ರಾಮನ್ನೂ ಸರ್ಕ್ಯೂಟ್ ಚಿತ್ರವನ್ನೂ ಕಳಿಸಿದ್ದೇನೆ.

ಉತ್ತರ: ಮೊದಲು ನಿಮ್ಮ ಅಪ್ಪನಿಗೆ ಒಂದು ನಮಸ್ಕಾರ ಹೇಳಿ. ಅವರ ಪ್ರಶ್ನೆ ಸರಿಯಾಗಿಯೇ ಇದೆ.

ನಿಮ್ಮ ಪ್ರೋಗ್ರಾಮನ್ನು ಎರಡು ಸಲ ಓದಿದೆ. ಅದರಲ್ಲಿ ಮೂರು ತಪ್ಪುಗಳಿವೆ. ಮೂರನ್ನೂ ಸಿಮ್ಯುಲೇಟರಿನಲ್ಲೇ ಹಿಡಿಯಬಹುದಿತ್ತು, ಆದರೆ ನೀವು ಹುಡುಕಲಿಲ್ಲ. ಬೋರ್ಡು ಹ್ಯಾಂಗ್ ಆಗುವುದು ಬೇರೆಯೇ ಕತೆ. ಅದನ್ನು ನೀವು ಎಷ್ಟು ಹುಡುಕಿದರೂ ಸಿಮ್ಯುಲೇಟರ್ ತೋರಿಸುತ್ತಿರಲಿಲ್ಲ. ಈ ಎರಡನ್ನು ಬೇರೆ ಮಾಡಿಕೊಂಡರೆ ನಿಮ್ಮ ಅರ್ಧ ತಲೆನೋವು ಹೋಗುತ್ತದೆ.

ನಮ್ಮ ಕಡೆಯವರಿಗೆ ತಾಳಮದ್ದಳೆ ಗೊತ್ತಲ್ಲ. ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಕೂತು ಅರ್ಥ ಹೇಳುತ್ತಾರೆ. ಕೃಷ್ಣನ ಮಾತಿಗೆ ಕೌರವ ಸರಿಯಾದ ಉತ್ತರ ಕೊಟ್ಟನಾ ಎಂಬುದು ಅಲ್ಲಿ ಪೂರ್ತಿ ಪರೀಕ್ಷೆ ಆಗುತ್ತದೆ. ಆದರೆ ಕಿರೀಟದ ಭಾರ ಎಷ್ಟು, ಮೂರು ತಾಸು ಕುಣಿದ ಮೇಲೆ ಉಸಿರು ಉಳಿಯುತ್ತದಾ ಎಂಬುದು ಬಯಲಾಟದಲ್ಲೇ ಗೊತ್ತಾಗಬೇಕು. ಸಿಮ್ಯುಲೇಟರ್ ಎಂದರೆ ತಾಳಮದ್ದಳೆ.

ಒಳಗೆ ನಡೆಯುವುದು ಇಷ್ಟು. ಊನೊದಲ್ಲಿರುವುದು ಎಟಿಮೆಗಾ328ಪಿ ಚಿಪ್ಪು. 32 ಕೆಬಿ ಫ್ಲ್ಯಾಶ್, 2 ಕೆಬಿ ರ‍್ಯಾಮ್, 16 ಮೆಗಾಹರ್ಟ್ಸ್ ಗಡಿಯಾರ. ನಿಮ್ಮ ಪ್ರೋಗ್ರಾಮನ್ನು ಕಂಪೈಲ್ ಮಾಡಿದಾಗ ಬರುವ ಹೆಕ್ಸ್ ಫೈಲಿನಲ್ಲಿ ಈ ಚಿಪ್ಪಿಗೆ ಅರ್ಥವಾಗುವ ಆದೇಶಗಳಿರುತ್ತವೆ. ಸಿಮ್ಯುಲೇಟರ್ ಅದನ್ನೇ ಒಂದೊಂದಾಗಿ ಓದುತ್ತದೆ. ಚಿಪ್ಪು ಏನು ಮಾಡಬೇಕಿತ್ತೋ ಅದನ್ನು ಲೆಕ್ಕದಲ್ಲಿ ಮಾಡಿ, ಗಡಿಯಾರದ ಎಷ್ಟು ಟಿಕ್ ಖರ್ಚಾಯಿತು ಎಂದು ಬರೆದಿಟ್ಟುಕೊಳ್ಳುತ್ತದೆ. ಪಿನ್ನಿನ ವೋಲ್ಟೇಜು ಮೇಲಾಯಿತಾ, ಪರದೆ ಮೇಲಿನ ಎಲ್‌ಇಡಿ ಬೆಳಗುತ್ತದೆ. ಅಂದರೆ ಅಲ್ಲಿ ಓಡುವುದು ನಿಮ್ಮ ಪ್ರೋಗ್ರಾಮಿನ ನಕಲಲ್ಲ, ಚಿಪ್ಪಿಗೆ ತುಂಬುವ ನಿಜವಾದ ಫರ್ಮ್‌ವೇರೇ. ಹಾಗಾಗಿ ಲೆಕ್ಕದ ತಪ್ಪು, ಸಮಯದ ತಪ್ಪು, ತರ್ಕದ ತಪ್ಪು ಅಲ್ಲೂ ಇದ್ದ ಹಾಗೇ ಕಾಣುತ್ತವೆ. ಕಾಣದೇ ಇರುವುದು ತಂತಿ, ಕರೆಂಟು, ಹಸಿ.

ಇದು ಹೊಸ ವಿದ್ಯೆ ಏನಲ್ಲ. 1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರಿಗೆ ಬೇಸಿಕ್ ಭಾಷೆ ಬರೆದರು. ಆ ಯಂತ್ರ ಅವರ ಹತ್ತಿರ ಇರಲೇ ಇಲ್ಲ. ಅದರ ಇಂಟೆಲ್ 8080 ಪ್ರೊಸೆಸರಿನ ಸಿಮ್ಯುಲೇಟರನ್ನು ಆಲನ್ ಹಾರ್ವರ್ಡಿನ ದೊಡ್ಡ ಕಂಪ್ಯೂಟರಿನಲ್ಲಿ ಬರೆದರು. ಎಲ್ಲ ಪರೀಕ್ಷೆಯೂ ಅದರಲ್ಲೇ. ಆಮೇಲೆ ಆಲನ್ ಪೇಪರ್ ಟೇಪ್ ಹಿಡಿದುಕೊಂಡು ವಿಮಾನ ಹತ್ತಿದರು. ಟೇಪಿನಲ್ಲಿರುವುದನ್ನು ಯಂತ್ರಕ್ಕೆ ತುಂಬುವ ಸಣ್ಣ ಪ್ರೋಗ್ರಾಮನ್ನೇ ಬರೆದಿಲ್ಲ ಎಂದು ವಿಮಾನದಲ್ಲಿ ನೆನಪಾಯಿತು. ಅಲ್ಲೇ ಕೂತು ಬರೆದರು. ನಿಜವಾದ ಯಂತ್ರದ ಮೇಲೆ ಬೇಸಿಕ್ ಓಡಿಯೇ ಓಡಿತು. ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿದ್ದು ಕೈಕೊಡಲಿಲ್ಲ. ಬಿಟ್ಟುಹೋಗಿದ್ದು ಸಿಮ್ಯುಲೇಟರಿನ ಹೊರಗಿದ್ದದ್ದು, ನಿಮ್ಮ ಹಾಗೇ.

ಈಗ ನಿಮ್ಮ ಮೊದಲ ತಪ್ಪು. ನೀರು ಬಾರದಿದ್ದರೆ ನಿಲ್ಲಿಸುವ ಸಾಲಿನಲ್ಲಿ "60 ಗುಣಿಸು 1000" ಎಂದು ಬರೆದಿದ್ದೀರಿ. ಮಿಲ್ಲಿಸೆಕೆಂಡಿನಲ್ಲಿ 60,000 ಆಗಬೇಕು. ಆದರೆ ಈ ಚಿಪ್ಪಿನಲ್ಲಿ ಸಾಮಾನ್ಯ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ ಜಾಗ. 32,767 ದಾಟಿದರೆ ಸುತ್ತು ಹೊಡೆಯುತ್ತದೆ. 60,000 ಹೋಗಿ ಮೈನಸ್ 5,536 ಆಗುತ್ತದೆ. ಅದನ್ನು ಕಳೆದ ಸಮಯದ ಜೊತೆ, ಅಂದರೆ ಮೈನಸ್ ಚಿಹ್ನೆಯೇ ಇಲ್ಲದ 32 ಬಿಟ್ ಸಂಖ್ಯೆಯ ಜೊತೆ ಹೋಲಿಸಿದಾಗ ಮೈನಸ್ ಕಳೆದು 4,294,961,760 ಎಂದು ಓದಿಕೊಳ್ಳುತ್ತದೆ. ಅಷ್ಟು ಮಿಲ್ಲಿಸೆಕೆಂಡು ಎಂದರೆ ಹೆಚ್ಚುಕಡಿಮೆ 49 ದಿನ 17 ತಾಸು! ಹಳ್ಳ ಬತ್ತಿದರೆ ನಿಮ್ಮ ಪಂಪು 60 ಸೆಕೆಂಡಿಗೆ ನಿಲ್ಲುವುದಿಲ್ಲ. ಸೀಲು ಸುಟ್ಟುಹೋದ ಎಷ್ಟೋ ದಿನದ ಮೇಲೆ ನಿಲ್ಲುತ್ತದೆ. ಪರಿಹಾರ ಎರಡೇ ಅಕ್ಷರ. 1000ದ ಬೆನ್ನಿಗೆ ಯು ಮತ್ತು ಎಲ್ ಸೇರಿಸಿ, ಲೆಕ್ಕ 32 ಬಿಟ್‌ನಲ್ಲಿ ಆಗುತ್ತದೆ. ಕಂಪೈಲರ್ ಇದನ್ನು ಎಚ್ಚರಿಸುತ್ತದೆ. ಆದರೆ ಆರ್ಡುಯಿನೊ ಐಡಿಇಯಲ್ಲಿ (ಪ್ರೋಗ್ರಾಮು ಬರೆಯುವ ಸಾಫ್ಟ್‌ವೇರ್) ಎಚ್ಚರಿಕೆಗಳು ಮೊದಲಿಂದಲೇ ಆಫ್ ಇರುತ್ತವೆ. ಪ್ರಿಫರೆನ್ಸಸ್‌ಗೆ ಹೋಗಿ ಆನ್ ಮಾಡಿಕೊಳ್ಳಿ.

ಇದು ವೊಕ್ವಿಯಲ್ಲಿ ಯಾಕೆ ಕಾಣಲಿಲ್ಲ? ಅಲ್ಲೂ ತಪ್ಪು ಇತ್ತು. ನೀವು ಪ್ರತಿ ಸಲ ಪಂಪು ಶುರುವಾದ ಕೂಡಲೇ "ನೀರು ಬಂತು" ಎಂಬ ಬಟನ್ ಒತ್ತಿದಿರಿ, ಅಷ್ಟೇ. ನೀರು ಬಾರದೇ ಇದ್ದರೆ ಏನಾಗುತ್ತದೆ ಅಂತ ಒಂದೇ ಒಂದು ಸಲ ಕೈಕಟ್ಟಿ ಕೂತು ನೋಡಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ನೋಡಿದ ಹುಡುಗರೆಲ್ಲ ಹೀಗೇ. ಸಿಮ್ಯುಲೇಟರನ್ನು ಸರಿಯಾಗಿ ಓಡುತ್ತದೆ ಎಂದು ತೋರಿಸಲಿಕ್ಕೆ ಬಳಸುತ್ತಾರೆ. ಅದು ಇರುವುದು ಕೆಡಿಸಲಿಕ್ಕೆ. ನಿಜವಾದ ಪಂಪನ್ನು ಒಣ ಓಡಿಸಿ ನೋಡಲು ಅಪ್ಪ ಬಿಡುವುದಿಲ್ಲ. ಪರದೆ ಮೇಲೆ ನೂರು ಸಲ ಓಡಿಸಬಹುದು. ಇನ್ನೊಂದು ಮಾತು: ಇದೇ ಸಾಲು ಇಎಸ್‌ಪಿ32 ಎಂಬ ಇನ್ನೊಂದು ಚಿಪ್ಪಿನಲ್ಲಿ ಸರಿಯಾಗಿ ನಡೆಯುತ್ತದೆ, ಅಲ್ಲಿ ಪೂರ್ಣಾಂಕಕ್ಕೆ 32 ಬಿಟ್. ಆದ್ದರಿಂದ ಯಾವ ಚಿಪ್ಪು ಬಳಸುತ್ತೀರೋ ಅದನ್ನೇ ಸಿಮ್ಯುಲೇಟ್ ಮಾಡಿ.

ಎರಡನೆಯ ತಪ್ಪು ನಾನೂ ಮಾಡಿದ್ದು. ನಿಮ್ಮ ಚಿತ್ರದಲ್ಲಿ ಟ್ಯಾಂಕು ತುಂಬಿದಾಗ ಫ್ಲೋಟ್ ಸ್ವಿಚ್ ಮುಚ್ಚಿಕೊಂಡು ಪಿನ್ನನ್ನು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಎಳೆಯುತ್ತದೆ. ಬಾಕಿ ಹೊತ್ತು ಚಿಪ್ಪಿನ ಒಳಗಿನ ಪುಲ್ಅಪ್ ರೆಸಿಸ್ಟರ್ ಪಿನ್ನನ್ನು ಮೇಲೆ ಹಿಡಿದಿರುತ್ತದೆ. ಪಿನ್ನು ಮೇಲಿದ್ದರೆ ಟ್ಯಾಂಕು ತುಂಬಿಲ್ಲ, ಪಂಪು ಓಡಲಿ ಎಂಬ ಲೆಕ್ಕ. ಸರಿ. ಬೆಟ್ಟದಿಂದ ಇಳಿದು ಬರುವ ಆ ತಂತಿ ತುಂಡಾದರೆ? ಆಗಲೂ ಪಿನ್ನು ಮೇಲೇ ಇರುತ್ತದೆ. ಟ್ಯಾಂಕು ಎಂದಿಗೂ ತುಂಬುವುದಿಲ್ಲ!

ಸಿದ್ದಾಪುರದ ಕಡೆ ನಮ್ಮ ಅಕ್ಕನ ಮನೆ ತೋಟಕ್ಕೆ ಇಂಥದ್ದೇ ಒಂದನ್ನು ಮಾಡಿಕೊಟ್ಟಿದ್ದೆ. ಸೊಪ್ಪು ಕಡಿಯುವಾಗ ಕತ್ತಿ ತಂತಿಗೆ ತಾಗಿತು, ಯಾರಿಗೂ ಗೊತ್ತಾಗಲಿಲ್ಲ. ರಾತ್ರಿಯಿಡೀ ಪಂಪು ಓಡಿ ಟ್ಯಾಂಕು ಉಕ್ಕಿ ಕೆಳಗಿನ ಕಾಲುವೆಯ ದಂಡೆಯೇ ಕೊಚ್ಚಿಹೋಯಿತು. ಬೆಳಿಗ್ಗೆ ಭಾವ ಫೋನ್ ಮಾಡಿದರು. "ಮಾರಾಯ, ನಿನ್ನ ಯಂತ್ರ ನಮ್ಮ ತೋಟಕ್ಕೆ ಮಾರ್ಚ್ ತಿಂಗಳಲ್ಲೇ ಮಳೆಗಾಲ ತಂತು." ಕಾರವಾರದಿಂದ ಹೊರಟು ಘಟ್ಟ ಹತ್ತಿ ಹೋಗುವ ದಾರಿಯುದ್ದಕ್ಕೂ ಅವರಿಗೆ ಏನು ಹೇಳುವುದು ಅಂತ ಯೋಚಿಸುತ್ತಿದ್ದೆ.

ಸರಿ ಮಾಡುವುದು ಸುಲಭ. ಸ್ವಿಚ್ಚಿನ ಅರ್ಥ ತಿರುಗಿಸಿ. ಟ್ಯಾಂಕು ಖಾಲಿ ಇರುವಾಗ ಮುಚ್ಚಿರಲಿ, ತುಂಬಿದಾಗ ತೆರೆಯಲಿ. ಮೂರು ತಂತಿಯ ಫ್ಲೋಟ್ ಇದ್ದರೆ ಈಗ ಹಾಕಿದ ತಂತಿಯ ಬದಲು ಇನ್ನೊಂದನ್ನು ಹಾಕಿದರೆ ಆಯಿತು. ಆಗ ತಂತಿ ತುಂಡಾದರೆ "ತುಂಬಿದೆ" ಎಂದೇ ಓದುತ್ತದೆ, ಪಂಪು ನಿಲ್ಲುತ್ತದೆ. ಆದರೆ ಜಾಯಿಂಟಿಗೆ ನೀರು ಹೊಕ್ಕು ಎರಡು ತಂತಿ ಕೂಡಿಕೊಂಡರೆ "ಖಾಲಿ" ಎಂದು ಓದಿಬಿಡುತ್ತದೆ. ಅದಕ್ಕೆ ಒಂದು ಮೇಲ್ಮಿತಿ ಬೇಕು. ಟ್ಯಾಂಕು ತುಂಬಲು ಮೂರು ತಾಸು ಬೇಕಾದರೆ, ಫ್ಲೋಟ್ ಏನೇ ಹೇಳಲಿ, ಮೂರೂವರೆ ತಾಸಿಗೆ ನಿಲ್ಲಿಸಿ ಕೆಂಪು ದೀಪ ಹಾಕಿ. ಸಿಮ್ಯುಲೇಟರಿನಲ್ಲಿ ಫ್ಲೋಟಿನ ತಂತಿಯ ನಡುವೆ ಒಂದು ಸ್ವಿಚ್, ತಂತಿಗಳ ಅಡ್ಡಕ್ಕೆ ಇನ್ನೊಂದು ಸ್ವಿಚ್ ಇಡಿ. ಒಂದಕ್ಕೆ "ಕತ್ತಿ" ಎಂದೂ ಇನ್ನೊಂದಕ್ಕೆ "ಮಳೆ" ಎಂದೂ ಹೆಸರು ಕೊಡಿ. ನಾನು ಈಗ ಹಾಗೇ ಮಾಡುವುದು. ಪಂಪು ಓಡುವಾಗ, ನಿಂತಿರುವಾಗ, ಆಗಷ್ಟೇ ಶುರುವಾಗುವಾಗ, ಎಲ್ಲ ಹೊತ್ತಿನಲ್ಲೂ ಎರಡನ್ನೂ ಆಡಿಸಿ ನೋಡಿ.

ಮೂರನೆಯದು ಇಇಪಿರಾಮ್, ಕರೆಂಟು ಹೋದರೂ ಅಳಿಯದ ಚಿಪ್ಪಿನ ನೆನಪು. ಕರೆಂಟು ಹೋಗಿ ಬಂದಾಗ ಪಂಪು ಯಾವ ಸ್ಥಿತಿಯಲ್ಲಿತ್ತು ಎಂದು ನೆನಪಿಡಲು ನೀವು ಪ್ರತಿ ಸೆಕೆಂಡಿಗೆ ಅದರಲ್ಲಿ ಓಡಿದ ಸಮಯ ಬರೆಯುತ್ತಿದ್ದೀರಿ, ಅದೂ ಒಂದೇ ಜಾಗದಲ್ಲಿ. ಆ ಜಾಗ ಸುಮಾರು 1,00,000 ಸಲ ಬರೆಯಲು ಮಾತ್ರ ಖಾತ್ರಿ. ಸೆಕೆಂಡಿಗೊಂದರಂತೆ ಬರೆದರೆ 28 ತಾಸಿನೊಳಗೆ ಆ ಲೆಕ್ಕ ಮುಗಿಯಿತು. ಸಿಮ್ಯುಲೇಟರಿನ ಇಇಪಿರಾಮ್ ಸವೆಯುವುದೇ ಇಲ್ಲ. ಹಾಗಾದರೆ ಅಲ್ಲಿ ಹೇಗೆ ಹಿಡಿಯುವುದು? ಬರೆಯುವ ಸಾಲಿನ ಪಕ್ಕ ಒಂದು ಎಣಿಕೆ ಇಟ್ಟು, ಬೋರ್ಡು ಕಳಿಸಿದ್ದನ್ನು ಪರದೆಯಲ್ಲಿ ತೋರಿಸುವ ಸೀರಿಯಲ್ ಮಾನಿಟರಿಗೆ ಕಳಿಸಿ. ಹತ್ತು ನಿಮಿಷದಲ್ಲಿ 600 ಕಂಡರೆ ನಿಮಗೇ ಗಾಬರಿ ಆಗುತ್ತದೆ. ಸ್ಥಿತಿ ಬದಲಾದಾಗ ಮಾತ್ರ ಬರೆಯಿರಿ. ನನ್ನ ಕೇಳಿದರೆ ನೆನಪಿಡುವುದೇ ಬೇಡ. ಕರೆಂಟು ಬಂದ ಮೇಲೆ ಎರಡು ಮೂರು ನಿಮಿಷ ಸುಮ್ನೆ ಕಾಯಲಿ, ಆಮೇಲೆ ಫ್ಲೋಟ್ ನೋಡಿ ಹೊಸದಾಗಿ ತೀರ್ಮಾನಿಸಲಿ. ಕರೆಂಟು ಬಂದ ಕ್ಷಣವೇ ಊರಿನ ಪಂಪೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜು ಕುಸಿಯುವುದು ನಿಮಗೂ ಗೊತ್ತು.

49 ದಿನದ ಮಾತು ಬಂತಲ್ಲ, ಅದರ ಇನ್ನೊಂದು ಮುಖವೂ ಇದೆ. ಬೋರ್ಡು ಶುರುವಾದಾಗಿನಿಂದ ಮಿಲ್ಲಿಸೆಕೆಂಡು ಎಣಿಸುವ ಮಿಲ್ಲಿಸ್ ಗಡಿಯಾರ 49.7 ದಿನಕ್ಕೆ ಸೊನ್ನೆಗೆ ಮರಳುತ್ತದೆ. ನೀವು ಈಗಿನ ಸಮಯದಿಂದ ಶುರುವಿನ ಸಮಯ ಕಳೆದು ನೋಡಿದ್ದೀರಿ, ಅದು ಸರಿಯಾದ ದಾರಿ. ಕೂಡಿಸಿ ನೋಡಿದ್ದರೆ ಆ ದಿನ ಎಡವಟ್ಟಾಗುತ್ತಿತ್ತು. ನಮ್ಮಲ್ಲಿ 49 ದಿನ ಕರೆಂಟು ಹೋಗದೇ ಇರುತ್ತದಾ ಅಂತ ನಗಬಹುದು. ಬ್ಯಾಟರಿ ಹಾಕಿದ ದಿನ ಆ ನಗು ನಿಲ್ಲುತ್ತದೆ.

ಇನ್ನು ಹ್ಯಾಂಗ್. ಸಿಮ್ಯುಲೇಟರಿನ 5 ವೋಲ್ಟ್ ಯಾವತ್ತೂ 5 ವೋಲ್ಟೇ. ತೋಟದ ಪಂಪ್‌ಹೌಸಿನಲ್ಲಿ ಹಾಗಲ್ಲ. ಸ್ಟಾರ್ಟರಿನ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟು ಕೂಡಿಸುವ ದೊಡ್ಡ ಸ್ವಿಚ್) ಎಳೆದುಕೊಂಡು ಮೋಟಾರು ಶುರುವಾಗುವಾಗ ಮೋಟಾರು ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟು ಎಳೆಯುತ್ತದೆ, ವೋಲ್ಟೇಜು ಕೆಳಗೆ ಬೀಳುತ್ತದೆ. ಕಾಂಟ್ಯಾಕ್ಟರ್ ಕಾಯಿಲಿನಿಂದ ವೋಲ್ಟೇಜಿನ ಚೂಪಾದ ಸ್ಪೈಕ್ ಹುಟ್ಟುತ್ತದೆ. ಈ ಚಿಪ್ಪು 16 ಮೆಗಾಹರ್ಟ್ಸ್‌ನಲ್ಲಿ ಸರಿಯಾಗಿ ಓಡಲು ಸುಮಾರು 3.8 ವೋಲ್ಟ್ ಆದರೂ ಬೇಕು. ಆದರೆ ಊನೊದಲ್ಲಿ ವೋಲ್ಟೇಜ್ ಬಿದ್ದಾಗ ರೀಸೆಟ್ ಮಾಡುವ ಬ್ರೌನ್‌ಔಟ್ ಮಿತಿಯನ್ನು 2.7 ವೋಲ್ಟಿಗೆ ಇಟ್ಟಿರುತ್ತಾರೆ. ಈ ಎರಡರ ನಡುವೆ ಸಿಕ್ಕಿಬಿದ್ದರೆ ಚಿಪ್ಪು ಸಾಯುವುದೂ ಇಲ್ಲ, ನೆಟ್ಟಗೆ ಬದುಕುವುದೂ ಇಲ್ಲ. ಏನೇನೋ ಆದೇಶ ಓದಿಕೊಂಡು ದಾರಿ ತಪ್ಪುತ್ತದೆ. ನೀವು ಹ್ಯಾಂಗ್ ಎನ್ನುವುದು ಬಹುಶಃ ಇದನ್ನೇ.

ಊಹೆ ಮಾಡುತ್ತಾ ಕೂರಬೇಡಿ, ಹೀಗೆ ಪರೀಕ್ಷಿಸಿ. ಪ್ರೋಗ್ರಾಮಿನ ಶುರುವಿನಲ್ಲೇ ಎಲ್‌ಇಡಿ ಮೂರು ಸಲ ಬೇಗ ಬೇಗ ಮಿಣುಕಲಿ. ಸ್ಟಾರ್ಟರ್ ಎಳೆದ ಮೇಲೆ ಆ ಮಿಣುಕು ಕಂಡರೆ ಅದು ಹ್ಯಾಂಗಲ್ಲ, ರೀಸೆಟ್. ಆಮೇಲೆ ಬೋರ್ಡು ಆಡಿಸುವ ಸಣ್ಣ ಸ್ವಿಚ್ಚಾದ ರಿಲೇಯಿಂದ ಸ್ಟಾರ್ಟರಿಗೆ ಹೋಗುವ ತಂತಿ ಬಿಚ್ಚಿಸಿ ಬರೀ ರಿಲೇ ಟಕ್ ಟಕ್ ಆಡಿಸಿ. ತೊಂದರೆ ಇಲ್ಲವಾದರೆ ರಿಲೇ ತಪ್ಪಿಲ್ಲ. ಮತ್ತೆ ತಂತಿ ಕೂಡಿಸಿ, ಬೋರ್ಡನ್ನು ಮಾತ್ರ ಪವರ್ ಬ್ಯಾಂಕಿನಿಂದ ಓಡಿಸಿ. (ಕೆಲವು ಪವರ್ ಬ್ಯಾಂಕು ಕಡಿಮೆ ಕರೆಂಟು ಎಳೆದರೆ ತಾವೇ ಆಫ್ ಆಗುತ್ತವೆ. ಅದನ್ನೂ ಹ್ಯಾಂಗ್ ಎಂದುಕೊಳ್ಳಬೇಡಿ.) ಈಗ ಸರಿಯಾದರೆ ತೊಂದರೆ ಬರುತ್ತಿರುವುದು ಅಡಾಪ್ಟರಿನ ದಾರಿಯಲ್ಲಿ. ಆಗಲೂ ಹಾಗೇ ಆದರೆ ಸ್ಪೈಕ್ ಬರುತ್ತಿರುವುದು ಬಹುಶಃ ಫ್ಲೋಟಿನ ಉದ್ದ ತಂತಿಯಲ್ಲಿ.

ಅಡಾಪ್ಟರಿನ ದಾರಿಯಾದರೆ ಒಳ್ಳೆಯ ಅಡಾಪ್ಟರು, ಬೋರ್ಡಿಗೂ ರಿಲೇಗೂ ಬೇರೆ ಬೇರೆ ಸಪ್ಲೈ, ಕಾಂಟ್ಯಾಕ್ಟರ್ ಕಾಯಿಲಿನ ಮೇಲೆ ಅದಕ್ಕೆ ಹೊಂದುವ, ಸ್ಪೈಕ್ ಹೀರುವ ಸ್ನಬ್ಬರ್. ಬ್ರೌನ್‌ಔಟ್ ಮಿತಿಯನ್ನು ಚಿಪ್ಪಿನೊಳಗಿನ ಸೆಟ್ಟಿಂಗ್ ಆದ ಫ್ಯೂಸ್ ಬಿಟ್‌ನಲ್ಲಿ 4.3 ವೋಲ್ಟಿಗೆ ಏರಿಸಬಹುದು. ತಂತಿಯ ದಾರಿಯಾದರೆ ಒಳಗಿನ ಪುಲ್ಅಪ್ ನೆಚ್ಚಬೇಡಿ. ಅದು 20ರಿಂದ 50 ಕಿಲೋಓಮ್, ಪಂಪಿನ ಕೇಬಲ್ಲಿನ ಪಕ್ಕ ಮಲಗಿದ ಉದ್ದ ತಂತಿಗೆ ಏನೇನೂ ಸಾಲದು. ಹೊರಗಿಂದ ಗಟ್ಟಿ ಪುಲ್ಅಪ್ ಹಾಕಿ, ನಡುವೆ ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಆಪ್ಟೋಕಪ್ಲರ್ ಇಡಿ. ತಂತಿಯನ್ನು ಪಂಪಿನ ಕೇಬಲ್ಲಿನಿಂದ ದೂರ ಎಳೆಯಿರಿ. ಏಪ್ರಿಲ್ ಮೇ ತಿಂಗಳ ಸಿಡಿಲಿಗೆ ಆ ತಂತಿಯೇ ಮೊದಲ ಬಲಿ, ಗುಡುಗು ಶುರುವಾಗುವ ಮೊದಲೇ ಬಿಚ್ಚಿಡುವುದು ಒಳ್ಳೆಯದು. ಕೊನೆಗೆ ವಾಚ್‌ಡಾಗ್ ಹಾಕಿ. ಈ ಚಿಪ್ಪಿನಲ್ಲಿ ಅದರ ಗರಿಷ್ಠ ಅವಧಿ 8 ಸೆಕೆಂಡು. ಪ್ರೋಗ್ರಾಮು ಎಲ್ಲಾದರೂ ಸಿಕ್ಕಿಕೊಂಡರೆ ಅದೇ ರೀಸೆಟ್ ಮಾಡುತ್ತದೆ. ಹಳೆಯ ಬೂಟ್‌ಲೋಡರ್ (ಬೋರ್ಡು ಶುರುವಾದಾಗ ಮೊದಲು ಓಡುವ ಸಣ್ಣ ಪ್ರೋಗ್ರಾಮು) ಇರುವ ನ್ಯಾನೊ ಬೋರ್ಡಿನಲ್ಲಿ ಮಾತ್ರ ಹುಷಾರು, ವಾಚ್‌ಡಾಗ್ ಹಾಕಿದರೆ ಅದು ರೀಸೆಟ್ ಆಗುತ್ತಲೇ ಇರುತ್ತದೆ.

ಚಿತ್ರದಲ್ಲಿ ಇನ್ನೊಂದು ಕಂಡಿತು, ಇದನ್ನು ದಯವಿಟ್ಟು ಹಗುರಾಗಿ ತೆಗೆದುಕೊಳ್ಳಬೇಡಿ. ನಿಮ್ಮ ನೀಲಿ ರಿಲೇ ಮೇಲೆ 10 ಆಂಪಿಯರ್, 250 ವೋಲ್ಟ್ ಎಂದು ಬರೆದಿರುತ್ತದೆ. ಥ್ರೀ ಫೇಸ್ ಸ್ಟಾರ್ಟರಿನ ಕಾಯಿಲು ಬಹಳ ಕಡೆ 415 ವೋಲ್ಟಿನದು. ಕಾಯಿಲಿನ ಮೇಲಿನ ಚೀಟಿ ಓದಿ. 415 ಇದ್ದರೆ ಆ ರಿಲೇ ಅಲ್ಲಿಗೆ ಸಲ್ಲದು. ಅದಕ್ಕೆ ತಕ್ಕ ರೇಟಿಂಗಿನ ಇನ್ನೊಂದು ಕಾಂಟ್ಯಾಕ್ಟರ್ ನಡುವೆ ಬೇಕು. ಆ ಕೆಲಸ, ಮೇಲೆ ಹೇಳಿದ ತಂತಿ ಬಿಚ್ಚುವ ಕೆಲಸ ಎರಡೂ ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಕೈಯಲ್ಲೇ ಆಗಲಿ. ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನು ಯಾವ ಕಾರಣಕ್ಕೂ ಬೈಪಾಸ್ ಮಾಡಬೇಡಿ.

ಯಾವ ಸಾಫ್ಟ್‌ವೇರ್ ಅಂತ ಕೇಳಿದ್ದೀರಿ. ನಿಮ್ಮ ಪರಿಸ್ಥಿತಿಗೆ ಸಿಮ್ಯುಲ್‌ಐಡಿಇ. ಪುಕ್ಕಟೆ, ನೆಟ್ ಬೇಡ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಆರ್ಡುಯಿನೊ ಐಡಿಇಯಲ್ಲಿ ಕಂಪೈಲ್ ಆದ ಫೈಲನ್ನು ಎಕ್ಸ್‌ಪೋರ್ಟ್ ಮಾಡಿ, ಆ ಹೆಕ್ಸ್ ಫೈಲನ್ನು ಇದರ ಬೋರ್ಡಿಗೆ ತುಂಬಿದರೆ ಆಯಿತು. ಸರ್ಕ್ಯೂಟ್ ದೊಡ್ಡದಾದರೆ ಒಳಗಿನ ಗಡಿಯಾರ ನಿಜವಾದ ಸಮಯಕ್ಕಿಂತ ನಿಧಾನ ನಡೆಯಬಹುದು. ಪರದೆಯಲ್ಲಿ ವೇಗದ ಶೇಕಡಾ ತೋರಿಸುತ್ತದೆ, ಅದರ ಮೇಲೆ ಕಣ್ಣಿರಲಿ. ವೊಕ್ವಿ ಫರ್ಮ್‌ವೇರಿಗೆ ತುಂಬಾ ಚೆನ್ನಾಗಿದೆ. ಬಟನ್ ಒತ್ತಿದಾಗ ಆಗುವ ಅದುರಾಟವನ್ನೂ ತೋರಿಸುತ್ತದೆ. ಆದರೆ ರೆಸಿಸ್ಟರ್ ಇಲ್ಲದೆ ಎಲ್‌ಇಡಿ ಹಾಕಿದರೂ ಅಲ್ಲಿ ಸುಡುವುದಿಲ್ಲ, ಕರೆಂಟಿನ ಲೆಕ್ಕ ಅದರ ಕೆಲಸವಲ್ಲ. ಟಿಂಕರ್‌ಕ್ಯಾಡ್ ಆ ವಿಷಯದಲ್ಲಿ ಎಚ್ಚರಿಸುತ್ತದೆ, ಶಾಲೆ ಮಕ್ಕಳಿಗೆ ಕಲಿಸಲು ಅದೇ ಒಳ್ಳೆಯದು. ಪ್ರೋಟಿಯಸ್ ಕಾಲೇಜಿನ ಲ್ಯಾಬಿನಲ್ಲಿ ಇದ್ದರೆ ಬಳಸಿ. ಪೆನ್ ಡ್ರೈವಿನಲ್ಲಿ ಓಡಾಡುವ ಕದ್ದ ಪ್ರತಿ ಬೇಡ, ವೈರಸ್ಸು ಪುಕ್ಕಟೆ ಬರುತ್ತದೆ.

ರಿಲೇಯ ಒಳಗಿನ ಕತೆ ನೋಡಬೇಕೆಂದರೆ ಎಲ್‌ಟಿಸ್ಪೈಸ್ ಇಳಿಸಿಕೊಳ್ಳಿ, ಅದೂ ಪುಕ್ಕಟೆ. ಇದರ ಮೂಲವಾದ ಸ್ಪೈಸ್ 1970ರ ದಶಕದ ಮೊದಲಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಇದಕ್ಕೆ ಫರ್ಮ್‌ವೇರ್ ಗೊತ್ತಿಲ್ಲ, ಕರೆಂಟು ವೋಲ್ಟೇಜು ಚೆನ್ನಾಗಿ ಗೊತ್ತು. 5 ವೋಲ್ಟಿನ ರಿಲೇ ಕಾಯಿಲು ಸುಮಾರು 70 ಮಿಲ್ಲಿಆಂಪಿಯರ್ ಎಳೆಯುತ್ತದೆ, ಊನೊದ ಪಿನ್ನು ತಡೆಯುವುದು ಹೆಚ್ಚೆಂದರೆ 40. ಅದಕ್ಕೇ ನಡುವೆ ಟ್ರಾನ್ಸಿಸ್ಟರ್ ಇರುವುದು. ಎಲ್‌ಟಿಸ್ಪೈಸಿನಲ್ಲಿ ಕಾಯಿಲಿನ ಅಡ್ಡಕ್ಕಿರುವ ಡಯೋಡನ್ನು ತೆಗೆದು ರಿಲೇ ಆಫ್ ಮಾಡಿ ನೋಡಿ. 5 ವೋಲ್ಟಿನ ಕಾಯಿಲು ನೂರಾರು ವೋಲ್ಟ್ ಎಬ್ಬಿಸುವುದು ಕಾಣುತ್ತದೆ. ನೀವು ತಂದ ರಿಲೇ ಮಾಡ್ಯೂಲಿನಲ್ಲಿ ಟ್ರಾನ್ಸಿಸ್ಟರು, ಡಯೋಡು ಎರಡೂ ಇವೆ, ಚಿಂತೆ ಬೇಡ.

ಕೆಲಸದ ಕ್ರಮ ಹೀಗಿರಲಿ. ಮಳೆಗಾಲ ಮುಗಿಯುವ ತನಕ ಹೇಗೂ ಪಂಪು ಬೇಕಾಗುವುದಿಲ್ಲ. ಈಗ ಮೂರು ತಪ್ಪು ತಿದ್ದಿ, ಕತ್ತಿ ಮತ್ತು ಮಳೆ ಸ್ವಿಚ್ ಹಾಕಿ ಸಿಮ್ಯುಲೇಟರಿನಲ್ಲಿ ಬೇಕಾದಷ್ಟು ಕೆಡಿಸಿ ನೋಡಿ. ಬೇಕಾದ ಬಿಡಿಭಾಗಗಳ ಪಟ್ಟಿ ಅಲ್ಲೇ ತಯಾರಾಗುತ್ತದೆ. ಒಂದು ಸ್ನಬ್ಬರಿಗಾಗಿ 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಎರಡೆರಡು ಸಲ ಹೋಗುವುದು ತಪ್ಪುತ್ತದೆ. ದಸರಾ ಹೊತ್ತಿಗೆ ಮನೆಯಲ್ಲೇ ಟೇಬಲ್ ಮೇಲೆ ಪಂಪಿನ ಬದಲು ಬಲ್ಬು ಇಟ್ಟು ಒಂದು ವಾರ ಓಡಿಸಿ. ಆಮೇಲೆ ತೋಟ. ಪೆಟ್ಟಿಗೆಯ ತಂತಿ ತೂತುಗಳನ್ನು ಗ್ಲ್ಯಾಂಡ್ ಹಾಕಿ ಮುಚ್ಚಿ, ಇಲ್ಲವಾದರೆ ರಿಲೇಯೊಳಗೆ ಇರುವೆ ಸಂಸಾರ ಹೂಡುತ್ತದೆ.

ಪೆಟ್ಟಿಗೆಯ ಹೊರಗೆ ಆಟೋ, ಮ್ಯಾನ್ಯುವಲ್ ಎಂದು ಒಂದು ರೋಟರಿ ಸ್ವಿಚ್ ಮರೆಯದೆ ಹಾಕಿಸಿ. ಮ್ಯಾನ್ಯುವಲ್‌ಗೆ ತಿರುಗಿಸಿದರೆ ನಿಮ್ಮ ಬೋರ್ಡು ಸರ್ಕ್ಯೂಟಿನಿಂದ ಪೂರ್ತಿ ಹೊರಗಿರಬೇಕು, ಸ್ಟಾರ್ಟರಿನ ಹಸಿರು ಕೆಂಪು ಬಟನ್ ಮೊದಲಿನ ಹಾಗೇ ಕೆಲಸ ಮಾಡಬೇಕು. ನೀವು ಪರೀಕ್ಷೆಗೆ ಹೋದ ದಿನ ಯಂತ್ರ ಕೈಕೊಟ್ಟರೂ ಅಪ್ಪ ತೋಟಕ್ಕೆ ನೀರು ಬಿಟ್ಟುಕೊಳ್ಳುತ್ತಾರೆ.